ಡಿಸೈರ್‌ಗೆ ಮತ್ತೆ 165 ಟೈರ್ ಹಾಕಿಸಿದೆವು, ಅಗಲದ ಟೈರ್ ಯಾಕೆ ಬೇಡ ಅನ್ನಿಸಿತು

ನಮ್ಮದು 2014ರ ಡಿಸೈರ್ ವಿಎಕ್ಸ್‌ಐ, ಪೆಟ್ರೋಲ್ ಗಾಡಿ. ಆರು ವರ್ಷ 175/70 ಆರ್14 ಟೈರಿನಲ್ಲಿ ಓಡಿಸಿದೆವು. 2025ರ ಮೇ ತಿಂಗಳಲ್ಲಿ ಅದನ್ನು ಬಿಚ್ಚಿಸಿ, ಕಂಪನಿಯವರು ಮೊದಲು ಕೊಟ್ಟಿದ್ದ 165/80 ಆರ್14 ಸೈಜಿಗೇ ವಾಪಸ್ ಬಂದೆವು. ಮಲೆನಾಡಿನ ಒಂದು ಪೂರ್ತಿ ಮಳೆಗಾಲ ಕಳೆದಿದೆ, 8,600 ಕಿ.ಮೀ ಓಡಿದೆ. ಈಗ ಬರೆಯಬಹುದು ಅನ್ನಿಸಿತು. ಏಕೆಂದರೆ ಟೈರ್ ಬದಲಿಸುವಾಗ ಹತ್ತರಲ್ಲಿ ಎಂಟು ಜನ ಹೇಳಿದ್ದು ಒಂದೇ ಮಾತು: "ಒಂದು ಸೈಜ್ ಅಗಲ ಹಾಕಿಸಿ, ಗ್ರಿಪ್ ಚೆನ್ನಾಗಿರುತ್ತೆ". ಆ ಮಾತನ್ನು ಒಮ್ಮೆ ನಂಬಿ ಆರು ವರ್ಷ ತೊಂದರೆ ಪಟ್ಟವನು ನಾನು.

ಬ್ರ್ಯಾಂಡ್ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಒಂದು ಸೆಟ್ ಪೂರ್ತಿ ಸವೆಯುವವರೆಗೆ ಟೈರ್ ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳುವುದು ಸರಿಯಲ್ಲ. ಇದು ಸೈಜಿನ ವಿಮರ್ಶೆ. ಜೊತೆಗೆ ಸೈಜ್ ಆರಿಸಲು ನಮಗೆ ತಾಳ್ಮೆಯಿಂದ ಸಹಾಯ ಮಾಡಿದ ಶಿವಮೊಗ್ಗದ ಒಂದು ಟೈರ್ ಅಂಗಡಿಯ ವಿಮರ್ಶೆ.

ಮೊದಲು 175ರ ಕಥೆ. 2019ರಲ್ಲಿ 46,000 ಕಿ.ಮೀ ಆದಾಗ ಕಂಪನಿ ಟೈರ್ ಸವೆದಿತ್ತು. ಆಗ ಹೋದದ್ದು ಬೇರೆ ಅಂಗಡಿಗೆ. ಅವರಲ್ಲಿ 165/80 ಸ್ಟಾಕ್ ಇರಲಿಲ್ಲ. "ಸಾರ್, 165 ತುಂಬಾ ಸಣ್ಣದು, 175 ಹಾಕಿಸಿ, ದುಡ್ಡು ಹೆಚ್ಚುಕಡಿಮೆ ಅಷ್ಟೇ, ರೋಡ್ ಹಿಡಿತ ನೋಡಿ ಆಮೇಲೆ" ಅಂದರು. ಸಂಜೆಯಾಗಿತ್ತು, ಮರುದಿನ ಊರಿಗೆ ಹೋಗಬೇಕಿತ್ತು. ಹಾಕಿಸಿಕೊಂಡು ಬಂದೆ. 165ಕ್ಕಿಂತ 175 ದೊಡ್ಡದು ತಾನೇ ಅಂತ ನಾನೂ ಅಂದುಕೊಂಡೆ. ಆ ಸೈಜಿನಲ್ಲಿ ಮೊದಲ ನಂಬರ್ ಮಾತ್ರ ನೋಡಿದ್ದೆ, ಎರಡನೆಯದು ನೋಡಿರಲಿಲ್ಲ.

ಎಲ್ಲ ಇರುವುದು ಆ ಎರಡನೇ ನಂಬರಿನಲ್ಲೇ. 165/80 ಆರ್14 ಅಂದರೆ ಟೈರಿನ ಅಗಲ 165 ಮಿ.ಮೀ. ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ 80 ಪರ್ಸೆಂಟ್, ಅಂದರೆ 132 ಮಿ.ಮೀ. ಟೈರ್ ಕೂರುವ ಒಳಗಿನ ಡಿಸ್ಕ್ (ರಿಮ್) 14 ಇಂಚು, ಅಂದರೆ 355.6 ಮಿ.ಮೀ. ಡಿಸ್ಕಿನ ಮೇಲೊಂದು ಗೋಡೆ, ಕೆಳಗೊಂದು ಗೋಡೆ ಸೇರಿಸಿದರೆ ಚಕ್ರದ ಪೂರ್ತಿ ಎತ್ತರ 619.6 ಮಿ.ಮೀ. ಈಗ 175/70 ಆರ್14 ತೆಗೆದುಕೊಳ್ಳಿ. ಅಗಲ 10 ಮಿ.ಮೀ ಜಾಸ್ತಿ, ನಿಜ. ಆದರೆ ಗೋಡೆ 175ರ 70 ಪರ್ಸೆಂಟ್, ಬರೀ 122.5. ಒಟ್ಟು ಎತ್ತರ 600.6 ಮಿ.ಮೀ. ಅಗಲವಾದ ಟೈರ್ ಅಂತ ತಂದದ್ದು 19 ಮಿ.ಮೀ ಕುಳ್ಳ ಟೈರ್. ಗಾಡಿ ನೆಲಕ್ಕೆ ಒಂಬತ್ತೂವರೆ ಮಿ.ಮೀ ಹತ್ತಿರ ಬಂದಿತ್ತು.

ಇದನ್ನು ಮೊದಲು ಗಮನಿಸಿದ್ದು ಅಪ್ಪ. ಅವರು ಇಪ್ಪತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಅದರ ಟೈರ್ ಸೈಜ್ 5.90-15, ಅಗಲವನ್ನು ಇಂಚಿನಲ್ಲೇ ಬರೆಯುತ್ತಿದ್ದ ಕಾಲ. ಮೈಸೂರಿನ ವಿಕ್ರಾಂತ್ ಟೈರ್ ಅಂದರೆ ಅವರಿಗೆ ಈಗಲೂ ಅಭಿಮಾನ. 1997ರಲ್ಲಿ ಆ ಕಂಪನಿ ಜೆಕೆ ಟೈರ್‌ನವರ ಕೈಗೆ ಹೋಯಿತು. ಅಪ್ಪ ಮಾತ್ರ ಇವತ್ತಿಗೂ ವಿಕ್ರಾಂತ್ ಅಂತಲೇ ಕರೆಯುತ್ತಾರೆ. ಹೊಸ ಟೈರ್ ಹಾಕಿಸಿಕೊಂಡು ಬಂದ ಮೂರನೇ ದಿನ ಗಾಡಿಯಿಂದ ಇಳಿಯುವಾಗ "ಗಾಡಿ ಕೂತಿದೆ ಕಣೋ" ಅಂದರು. ನಾನು ಸಸ್ಪೆನ್ಷನ್ ಹಳೆಯದಾಗಿದೆ ಅಂದುಕೊಂಡೆ. ಆಮೇಲೆ ನಮ್ಮ ಬಡಾವಣೆಯ ಎರಡನೇ ಹಂಪ್‌ನಲ್ಲಿ ಐದು ಜನ ಕೂತು ಹೋದರೆ ತಳ ಉಜ್ಜಲು ಶುರುವಾಯಿತು. ಐದು ವರ್ಷ ಅದೇ ಹಂಪ್ ಮೇಲೆ ಅಷ್ಟೇ ಜನ ಕೂತು ಹೋಗಿದ್ದೇವೆ, ಒಂದು ದಿನವೂ ತಾಗಿರಲಿಲ್ಲ. ಡಿಕ್ಕಿಯಲ್ಲಿ ಒಂದು ಅಕ್ಕಿ ಚೀಲ ಇದ್ದರಂತೂ ಆ ಶಬ್ದ ಕೇಳಿ ಅಮ್ಮ ಕಾಲು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ಟೈರಿನ ಮೇಲೆ ಸೈಜಿನ ಪಕ್ಕ 85ಟಿ, 84ಟಿ ಅಂತ ಬರೆದಿರುತ್ತದೆ. ಆ ನಂಬರ್ ಒಂದು ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಸಂಕೇತ. 85 ಅಂದರೆ 515 ಕೆ.ಜಿ, 84 ಅಂದರೆ 500 ಕೆ.ಜಿ. ನಮ್ಮ ಹಳೆ ಕಂಪನಿ ಟೈರ್ 85, ಅಂಗಡಿಯವರು ಹಾಕಿದ 175/70 ಬರೀ 84. ನಾಲ್ಕು ಟೈರಿಗೆ 60 ಕೆ.ಜಿ ಕಡಿಮೆ, ಅಂದರೆ ಒಬ್ಬ ಮನುಷ್ಯನಷ್ಟು. ಅಗಲ ಜಾಸ್ತಿ ಆದರೆ ಶಕ್ತಿಯೂ ಜಾಸ್ತಿ ಅಂತ ನಾವೆಲ್ಲ ಸುಮ್ನೆ ಅಂದುಕೊಂಡುಬಿಡುತ್ತೇವೆ, ಅಲ್ವಾ? ಹಾಗೇನೂ ಇಲ್ಲ. ವಯಸ್ಸಾದವರನ್ನು, ಮಗುವನ್ನು ಕೂರಿಸಿಕೊಂಡು ಡಿಕ್ಕಿ ತುಂಬಿಸಿ ಊರಿಗೆ ಹೋಗುವ ಗಾಡಿಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಭಾರ ಹೊರುವ ಟೈರ್ ಹಾಕಿದ್ದು ತಪ್ಪು. ಅದನ್ನು ಮಾರುವವರು ಹೇಳಬೇಕಿತ್ತು. ನಾನೂ ಕೇಳಬೇಕಿತ್ತು.

ಮೈಲೇಜ್ ವಿಷಯದಲ್ಲಿ ಆದದ್ದು ಇನ್ನೂ ವಿಚಿತ್ರ. 165ರಲ್ಲಿ ಫುಲ್ ಟ್ಯಾಂಕ್ ಲೆಕ್ಕ ಹಾಕಿದರೆ ನಮ್ಮ ಗಾಡಿ ಲೀಟರಿಗೆ 17ರ ಆಸುಪಾಸು ಕೊಡುತ್ತಿತ್ತು. 175 ಹಾಕಿದ ಮೇಲೆ 17.6 ಬರಲು ಶುರುವಾಯಿತು. ಖುಷಿಯಾಯಿತು, ಇಬ್ಬರು ಸ್ನೇಹಿತರಿಗೂ ಹೇಳಿದೆ. ಆದರೆ ಚಕ್ರ ಚಿಕ್ಕದಾದಾಗ ಅದೇ ದೂರಕ್ಕೆ ಅದು ಜಾಸ್ತಿ ಸಲ ಸುತ್ತಬೇಕು, ಮೀಟರ್ ಓಡುವುದು ಆ ಸುತ್ತುಗಳ ಲೆಕ್ಕದಲ್ಲಿ. ನಿಜವಾಗಿ 1,000 ಕಿ.ಮೀ ಓಡಿದರೆ ಮೀಟರ್ 1,031 ಅಂತ ತೋರಿಸುತ್ತದೆ. 17.6ನ್ನು ಸರಿಮಾಡಿದರೆ ಮತ್ತೆ ಹದಿನೇಳೇ. ಪೆಟ್ರೋಲ್ ಒಂದು ಹನಿಯೂ ಉಳಿದಿರಲಿಲ್ಲ, ಮೀಟರ್ ಮಾತ್ರ ಮುಂದೆ ಓಡುತ್ತಿತ್ತು. ಸರ್ವಿಸ್ ಬೇಗ ಬರುತ್ತದೆ, ಗಾಡಿ ಮಾರುವಾಗ ಓಡಿದ್ದಕ್ಕಿಂತ ಜಾಸ್ತಿ ಕಿ.ಮೀ ಕಾಣುತ್ತದೆ. ಯಾರಾದರೂ ಟೈರ್ ಬದಲಿಸಿದ ಮೇಲೆ ಮೈಲೇಜ್ ಏರಿತು ಅಂದರೆ, ಮೊದಲು ಸೈಜ್ ಏನು ಅಂತ ಕೇಳಿ.

ಕೊನೆಗೆ ಆಯನೂರಿನ ಹತ್ತಿರ ಮುಂದಿನ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿ ತೆಗೆದರೆ ಅದು ಹಳೆಯ ಕಂಪನಿ ಟೈರ್, 165/80. ಮುಂದೆ ಒಂದು ಕಡೆ ಎತ್ತರದ ಚಕ್ರ, ಇನ್ನೊಂದು ಕಡೆ ಕುಳ್ಳ ಚಕ್ರ. ಎರಡಕ್ಕೂ ಎಂಜಿನ್ ತಿರುಗಿಸುವ ಶಕ್ತಿ ಹೋಗುವುದು ಒಂದೇ ಗೇರ್ ಬಾಕ್ಸಿನಿಂದ. ನೇರ ರಸ್ತೆಯಲ್ಲೂ ಒಂದು ಚಕ್ರ ಜಾಸ್ತಿ ಸುತ್ತುತ್ತಲೇ ಇರಬೇಕು, ಅದರ ಶ್ರಮವೆಲ್ಲ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಮೇಲೆ ಬೀಳುತ್ತದೆ. ಸ್ಟೇರಿಂಗ್ ಒಂದು ಕಡೆ ಎಳೆಯುತ್ತಿತ್ತು. ನಿಧಾನಕ್ಕೆ ಮೂವತ್ತು ಕಿ.ಮೀ ಬಂದು ಪಂಕ್ಚರ್ ಹಾಕಿಸಿದ ಕೂಡಲೇ ಅದನ್ನು ತೆಗೆಸಿದೆ. ಮುಂದಿನ ಸಲ ಟೈರ್ ಬದಲಿಸುವಾಗ ಲೆಕ್ಕ ಮಾಡಿಯೇ ಹಾಕಿಸಬೇಕು ಅಂತ ಅವತ್ತೇ ನಿರ್ಧರಿಸಿದೆ.

ಹಾಗಾದರೆ ಅಗಲದ ಟೈರ್ ಎಲ್ಲವೂ ಕೆಟ್ಟದ್ದಾ? ಅಲ್ಲ. ತೀರ್ಥಹಳ್ಳಿಯಲ್ಲಿರುವ ಭಾವನ ಹತ್ತಿರವೂ ಇದೇ ಡಿಸೈರ್ ಇದೆ, ಅವರದ್ದು 2015ರದ್ದು. ಅವರು 2024ರ ಕೊನೆಯಲ್ಲಿ 185/70 ಆರ್14 ಹಾಕಿಸಿದರು. ಅದರ ಲೆಕ್ಕ ನೋಡಿ. 185ರ 70 ಪರ್ಸೆಂಟ್ ಅಂದರೆ 129.5. ಒಟ್ಟು ಎತ್ತರ 614.6 ಮಿ.ಮೀ. ಕಂಪನಿ ಟೈರಿಗಿಂತ ಐದೇ ಮಿ.ಮೀ ಕಡಿಮೆ, ಒಂದು ಪರ್ಸೆಂಟೂ ಇಲ್ಲ. ಭಾರ ಹೊರುವ ನಂಬರ್ 88, ಅಂದರೆ ಒಂದು ಟೈರಿಗೆ 560 ಕೆ.ಜಿ. ಮೀಟರ್ ಸರಿಯಾಗಿರುತ್ತದೆ, ತಳ ತಾಗುವುದಿಲ್ಲ, ಸ್ಟೆಪ್ನಿ ಹಳೆಯದೇ ಇದ್ದರೂ ತುರ್ತಿಗೆ ನಡೆಯುತ್ತದೆ. 175ಕ್ಕಿಂತ 185 ಇನ್ನೂ ಅಗಲ, ಆದರೂ ಈ ಗಾಡಿಗೆ ಅದೇ ಹೆಚ್ಚು ಸರಿಯಾದದ್ದು.

ಮಾರ್ಚ್‌ನಲ್ಲಿ ಆ ಗಾಡಿಯನ್ನು ಒಂದು ವಾರ ನಮ್ಮಲ್ಲಿ ಇಟ್ಟುಕೊಂಡಿದ್ದೆ, ಟೈರ್ ನೋಡುವುದಕ್ಕಂತಲೇ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಇಳಿಯುವಾಗ ನಮ್ಮ ಗಾಡಿ ವಾಲುವಷ್ಟು ಅದು ವಾಲುವುದಿಲ್ಲ. ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಕಚ್ಚಿ ನಿಲ್ಲುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ತುಮಕೂರು ದಾಟಿದ ಮೇಲೆ ನೂರರ ವೇಗದಲ್ಲಿ ಗಾಡಿ ಅಲುಗಾಡುವುದಿಲ್ಲ. ಇದೆಲ್ಲ ನಿಜವಾದ ಲಾಭ, ನಾನು ಸುಮ್ನೆ 165ರ ಪಕ್ಷ ವಹಿಸಿ ಮುಚ್ಚಿಡುವುದಿಲ್ಲ. ಆದರೆ ಪಾರ್ಕಿಂಗ್ ಮಾಡುವಾಗ ಸ್ಟೇರಿಂಗ್ ಭಾರ ಅನ್ನಿಸುತ್ತದೆ, ನನ್ನ ಹೆಂಡತಿ ಎರಡನೇ ದಿನವೇ ಹೇಳಿದಳು. ಸ್ವಲ್ಪ ಶಬ್ದವೂ ಜಾಸ್ತಿ. ಮೈಲೇಜ್ 16.9 ಇದ್ದದ್ದು 16.3ಕ್ಕೆ ಬಂದಿದೆ ಅಂತ ಭಾವನೇ ಹೇಳಿದರು. "ಎಂತ ಮಾಡೋದು ಮಾರಾಯ್ರೆ, ಹಿಡಿತ ಬೇಕು ಅಂದ್ರೆ ಅಷ್ಟು ಕೊಡ್ಬೇಕಲ್ಲ" ಅನ್ನುವುದು ಅವರ ವಾದ. ಅವರು ವಾರಕ್ಕೆರಡು ಸಲ ಒಬ್ಬರೇ ಉಡುಪಿಗೆ ಹೋಗಿ ಬರುತ್ತಾರೆ, ವೇಗವಾಗಿ ಓಡಿಸುತ್ತಾರೆ. ಅವರ ಮಟ್ಟಿಗೆ ಅದು ಸರಿಯೇ.

ಒಂದು ಮಾತು, 185 ಹಾಕಿಸುವ ಮೊದಲು ಡಿಸ್ಕ್ ನೋಡಬೇಕು. ನಮ್ಮ ಡಿಸ್ಕ್ ಮೇಲೆ 14 x 5ಜೆ ಅಂತ ಒತ್ತಿದ್ದಾರೆ. 5 ಅಂದರೆ ಡಿಸ್ಕಿನ ಒಳ ಅಗಲ ಇಂಚಿನಲ್ಲಿ, ಜೆ ಅಂದರೆ ಅಂಚಿನ ಆಕಾರ. 165/80 ಟೈರ್ 4ರಿಂದ 5.5 ಇಂಚಿನ ಡಿಸ್ಕಿಗೆ ಆಗುತ್ತದೆ. 185/70 ಟೈರ್ 4.5ರಿಂದ 6ರವರೆಗೆ. ಹಾಗಾಗಿ 5 ಇಂಚಿನ ಡಿಸ್ಕಿಗೆ ಎರಡೂ ಕೂರುತ್ತವೆ. ಆದರೆ ನಮ್ಮ ರಸ್ತೆಯ ಹುಡುಗನೊಬ್ಬ ಅಂಥದ್ದೇ ಡಿಸ್ಕಿಗೆ 195/60 ಆರ್14 ಹಾಕಿಸಿದ್ದಾನೆ. ಅದಕ್ಕೆ ಕನಿಷ್ಠ 5.5 ಇಂಚಿನ ಡಿಸ್ಕ್ ಬೇಕು. ಕಿರಿದಾದ ಡಿಸ್ಕಿಗೆ ಅಗಲದ ಟೈರ್ ತುರುಕಿದರೆ ಗೋಡೆಗಳು ಹೊರಕ್ಕೆ ಉಬ್ಬುತ್ತವೆ, ತಿರುವಿನಲ್ಲಿ ಟೈರ್ ಒಂದು ಕಡೆಗೆ ಜರಗುತ್ತದೆ, ನಡುವಿನ ಭಾಗ ಬೇಗ ಸವೆಯುತ್ತದೆ. ಎತ್ತರವೂ 589.6ಕ್ಕೆ ಇಳಿಯುತ್ತದೆ, ಹತ್ತಿರ ಹತ್ತಿರ ಐದು ಪರ್ಸೆಂಟ್ ಕಡಿಮೆ. ನೋಡಲು ಚೆನ್ನಾಗಿದೆ, ಒಪ್ಪುತ್ತೇನೆ. ಅವನಿಗೆ ಹೇಳಿದ್ದೇನೆ, ದಯವಿಟ್ಟು ಬದಲಿಸು ಅಂತ.

15 ಇಂಚಿಗೆ ಹೋಗುವ ದಾರಿಯೂ ಇತ್ತು. ಇದೇ ಡಿಸೈರ್‌ನ ಮೇಲಿನ ಮಾಡೆಲ್ ಝಡ್‌ಎಕ್ಸ್‌ಐಗೆ ಮಾರುತಿಯವರೇ 185/65 ಆರ್15 ಕೊಡುತ್ತಿದ್ದರು. ಅದರ ಎತ್ತರ 621.5 ಮಿ.ಮೀ, ನಮ್ಮ 165/80ಕ್ಕಿಂತ ಬರೀ 2 ಮಿ.ಮೀ ಜಾಸ್ತಿ. ಬಲೆನೋದಲ್ಲೂ ಹೀಗೇ, 185/65 ಆರ್15 ಮತ್ತು 195/55 ಆರ್16 ಎರಡೂ ಬರುತ್ತವೆ, ಎರಡರ ಎತ್ತರ ಹೆಚ್ಚುಕಡಿಮೆ ಒಂದೇ. ಗಾಡಿ ಮಾಡುವವರೇ ಅಗಲ ಬದಲಿಸಿದಾಗಲೆಲ್ಲ ಎತ್ತರವನ್ನು ಹೀಗೆ ಕಾಪಾಡಿಕೊಳ್ಳುತ್ತಾರೆ. ನಮಗೆ ಟೈರ್ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಆದರೆ 15 ಇಂಚಿಗೆ ಹೋಗಬೇಕಾದರೆ ಐದು ಹೊಸ ಡಿಸ್ಕ್ ಬೇಕು. ಗೋಡೆ 132ರಿಂದ 120 ಮಿ.ಮೀಗೆ ಇಳಿಯುತ್ತದೆ. ಆಗಸ್ಟ್‌ನಲ್ಲಿ ನಮ್ಮ ಕಡೆಯ ರಸ್ತೆಗಳನ್ನು ನೋಡಿದವರಿಗೆ ಗೊತ್ತು, ಗುಂಡಿಯಲ್ಲಿ ನೀರು ನಿಂತಿರುತ್ತದೆ, ಆಳ ಕಾಣುವುದಿಲ್ಲ. ಅಲ್ಲಿ ಡಿಸ್ಕನ್ನು ಉಳಿಸುವುದು ಆ ದಪ್ಪ ಗೋಡೆಯೇ. ಇದನ್ನು ಬೇಗನೇ ಕೈಬಿಟ್ಟೆ.

ಉಳಿದದ್ದು 165 ಮತ್ತು 185. ನಮ್ಮನೆಯಲ್ಲಿ ಇದರ ಬಗ್ಗೆ ಒಂದು ವಾರ ಮಾತು ನಡೆಯಿತು. ಕೊನೆಗೆ ತೀರ್ಮಾನ ಮಾಡಿಸಿದ್ದು ಮಳೆ.

ಟೈರ್ ನೆಲಕ್ಕೆ ತಾಗುವ ಜಾಗ ಒಂದು ಅಂಗೈಯಷ್ಟು. ಆ ಜಾಗದ ವಿಸ್ತೀರ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಗಾಡಿಯ ಭಾರ ಮತ್ತು ಒಳಗಿನ ಗಾಳಿ. ಅಗಲದ ಟೈರ್ ಹಾಕಿದರೆ ಆ ಅಂಗೈ ಬಹಳವೇನೂ ದೊಡ್ಡದಾಗುವುದಿಲ್ಲ, ಅಡ್ಡಕ್ಕೆ ತಿರುಗಿದ ಹಾಗೆ ಆಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಅದು ಒಳ್ಳೆಯದು. ಆದರೆ ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಅಗಲದ ಟೈರ್ ಜಾಸ್ತಿ ನೀರನ್ನು ಎದುರಿನಿಂದ ತಳ್ಳಬೇಕು. ತಳ್ಳಲಾಗದಿದ್ದರೆ ಟೈರ್ ನೀರಿನ ಮೇಲೇ ತೇಲುತ್ತದೆ, ಸ್ಟೇರಿಂಗ್ ಒಮ್ಮೆಲೇ ಹಗುರವಾಗುತ್ತದೆ, ಬ್ರೇಕ್ ಒತ್ತಿದರೂ ಏನೂ ಆಗುವುದಿಲ್ಲ. ಕಿರಿದಾದ ಟೈರ್ ನೀರನ್ನು ಸೀಳಿಕೊಂಡು ಹೋಗುತ್ತದೆ. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಾಡುವುದು ನೀರಿನಲ್ಲೇ.

ಜುಲೈನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಗಾಜನೂರು ದಾಟಿದ ಮೇಲೆ ರಸ್ತೆಯ ಒಂದು ಭಾಗದಲ್ಲಿ ನೀರು ಅಡ್ಡ ಹರಿಯುತ್ತಿತ್ತು. ಹಿಂದಿನ ವರ್ಷ ಅದೇ ಜಾಗದಲ್ಲಿ 175 ಟೈರಿನಲ್ಲಿ ನಮ್ಮ ಗಾಡಿ ಒಂದು ಕ್ಷಣ ತೇಲಿದ ಹಾಗಾಗಿ ಎಡಕ್ಕೆ ಎಳೆದಿತ್ತು, ಹಿಂದೆ ಮಗಳು ಮಲಗಿದ್ದಳು, ನನ್ನ ಕೈ ಬೆವತಿತ್ತು. ಈ ಸಲ ಹಾಗೇನೂ ಆಗಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಆಗ ಟೈರ್ ಸವೆದಿತ್ತು, ಈಗ ಹೊಸದು. ಪೂರ್ತಿ ಶ್ರೇಯ ಅಗಲಕ್ಕೆ ಕೊಡಲಾಗದು. ಆದರೆ ಅವತ್ತೇ ಹಿಂದೆ ಭಾವನ ಗಾಡಿಯೂ ಬರುತ್ತಿತ್ತು, ಅವರ ಟೈರ್ ಕೂಡ ವರ್ಷದೊಳಗಿನದ್ದು. ಊಟಕ್ಕೆ ನಿಲ್ಲಿಸಿದಾಗ ಅವರೇ ಕೇಳಿದರು, "ಅಲ್ಲಿ ನಿಮ್ಮದು ಜಾರ್ಲಿಲ್ವಾ?" ಅಂತ. ಅವರದ್ದು ಸ್ವಲ್ಪ ತೇಲಿತ್ತಂತೆ. ಒಂದು ದಿನದ ಅನುಭವ, ಅವರ ವೇಗವೂ ನನಗಿಂತ ಜಾಸ್ತಿ ಇದ್ದಿರಬಹುದು. ಆದರೂ ಹೇಳುತ್ತಿದ್ದೇನೆ, ಏಕೆಂದರೆ ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು.

165ರ ಕೊರತೆಗಳನ್ನೂ ಹೇಳಬೇಕು. ಗೋಡೆ ಎತ್ತರ ಇರುವುದರಿಂದ ವೇಗವಾಗಿ ತಿರುಗಿಸಿದರೆ ಗಾಡಿ ವಾಲುತ್ತದೆ, ಟೈರ್ ಕಿರ್ ಅನ್ನುತ್ತದೆ. ಹೆದ್ದಾರಿಯಲ್ಲಿ ಬಸ್ಸು ಪಕ್ಕದಲ್ಲಿ ಹಾದುಹೋದರೆ ಗಾಡಿ ಅಲ್ಲಾಡುವುದು ಗೊತ್ತಾಗುತ್ತದೆ. ನೋಡುವುದಕ್ಕೂ ತೆಳ್ಳಗೆ, ಸೈಕಲ್ ಟೈರ್ ಅಂತ ಹೇಳಿದವರಿದ್ದಾರೆ. ಆದರೆ ಮಾರುತಿ 800 ಬರೀ 145 ಟೈರಿನಲ್ಲಿ ಈ ದೇಶದ ಎಷ್ಟು ಮನೆಗಳವರನ್ನು ಎಷ್ಟು ವರ್ಷ ಹೊತ್ತು ತಿರುಗಿದೆ, ನೋಡಿ. ನಾವು ಓಡಿಸುವ ವೇಗಕ್ಕೆ, ನಮ್ಮ ರಸ್ತೆಗೆ, ಈ ಸೈಜ್ ಸಾಕು. ಗುಂಡಿಗೆ ಬಿದ್ದಾಗ ಮೆತ್ತಗಿರುತ್ತದೆ. ಮಂಡಿ ನೋವಿರುವ ಅಮ್ಮ ಹಿಂದೆ ಕೂತು "ಈಗ ಕುಲುಕೋದು ಕಡಿಮೆ ಆಗಿದೆ" ಅಂದರು. ನಾವು ಅವರನ್ನು ಕೇಳಿರಲೂ ಇಲ್ಲ.

ಈಗ ಅಂಗಡಿಯ ಬಗ್ಗೆ. ಬಿ.ಎಚ್. ರಸ್ತೆಯ ಕಡೆ ಇರುವ ಒಂದು ಹಳೆಯ ಅಂಗಡಿ, ಯಜಮಾನರಿಗೆ ಅರವತ್ತರ ಮೇಲೆ ವಯಸ್ಸು. ಅವರು ನನಗೆ ಯಾವ ಬ್ರ್ಯಾಂಡ್ ಬೇಕು ಅಂತ ಮೊದಲು ಕೇಳಲಿಲ್ಲ. ಡ್ರೈವರ್ ಬಾಗಿಲು ತೆಗೆದು ಒಳಗಿನ ಸ್ಟಿಕ್ಕರ್ ತೋರಿಸಿ "ಓದಿ ಸಾರ್" ಅಂದರು. ಟೈರ್ ಸೈಜ್, ಗಾಳಿ ಎಷ್ಟು ಹೊಡೆಸಬೇಕು, ಜನ ತುಂಬಿದಾಗ ಎಷ್ಟು, ಎಲ್ಲ ಅದರಲ್ಲೇ ಇತ್ತು. ಹನ್ನೊಂದು ವರ್ಷ ಆ ಬಾಗಿಲು ತೆಗೆದು ಹಾಕಿದ್ದೇನೆ, ಅದನ್ನು ಓದಿರಲಿಲ್ಲ. ಆಮೇಲೆ ಎಷ್ಟು ಜನ ಓಡಾಡುತ್ತೀರಿ, ಘಾಟಿ ರಸ್ತೆ ಎಷ್ಟು, ಒಬ್ಬರೇ ಓಡಿಸುವುದಾ ಅಂತ ಕೇಳಿದರು. 185 ಹಾಕಿಸಿದರೆ ಅವರಿಗೆ ಟೈರಿಗೆ ಏಳುನೂರು ರೂಪಾಯಿ ಜಾಸ್ತಿ ಬರುತ್ತಿತ್ತು, ಸ್ಟಾಕ್ ಕೂಡ ಇತ್ತು. ಅವರು ಹೇಳಿದ್ದು, "ನಿಮ್ಮ ಓಡಾಟಕ್ಕೆ 165 ಸಾಕು, ಆ ದುಡ್ಡಲ್ಲಿ ಅದೇ ಸೈಜಲ್ಲಿ ಒಳ್ಳೆ ರಬ್ಬರ್ ತಗೊಳ್ಳಿ". ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಎಲ್ಲದರಲ್ಲೂ ಈ ಸೈಜ್ ಬರುತ್ತದೆ. ಒಂದೇ ಕಂಪನಿಯಲ್ಲೇ ಟ್ಯಾಕ್ಸಿಯವರಿಗಂತ ಬಹಳ ಬಾಳಿಕೆ ಬರುವ ಗಟ್ಟಿ ರಬ್ಬರ್ ಒಂದು, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಮೆತ್ತನೆ ರಬ್ಬರ್ ಇನ್ನೊಂದು ಇರುತ್ತದೆ. ನಾವು ಎರಡನೆಯದನ್ನು ತೆಗೆದುಕೊಂಡೆವು. ಬೇಗ ಸವೆಯಬಹುದು, ಸವೆಯಲಿ. ಈಗ ಕೆಲವು ಟೈರುಗಳ ಮೇಲೆ ಫ್ರಿಜ್ ಮೇಲೆ ಇರುವ ಹಾಗೆ ಬಿಇಇ ಸ್ಟಾರ್ ಸ್ಟಿಕ್ಕರ್ ಬರುತ್ತಿದೆ. ಅದು ಪೆಟ್ರೋಲ್ ಉಳಿತಾಯದ ಗುರುತು, ಹಿಡಿತದ್ದಲ್ಲ, ಅದನ್ನೂ ಅವರೇ ಬಿಡಿಸಿ ಹೇಳಿದರು.

165ರ ಸ್ಟಾಕ್ ಇರಲಿಲ್ಲ, ಎರಡು ದಿನ ಕಾಯಬೇಕಾಯಿತು. ಅದೊಂದೇ ಬೇಸರ. ಕೂರಲು ಜಾಗವಿಲ್ಲ, ಬಿಸಿಲಿನಲ್ಲಿ ನಿಂತೆವು, ಅದು ದೊಡ್ಡ ವಿಷಯವಲ್ಲ. ಟೈರ್ ಬಂದಾಗ ಐದನ್ನೂ ನನ್ನ ಮುಂದೆ ಇಟ್ಟು ಪಕ್ಕದ ಗೋಡೆಯಲ್ಲಿರುವ ನಾಲ್ಕು ಅಂಕಿ ತೋರಿಸಿದರು. ನಮ್ಮದು 0925, ಅಂದರೆ 2025ರ ಒಂಬತ್ತನೇ ವಾರ ತಯಾರಾದದ್ದು. ವಾಲ್ವ್ ಎಲ್ಲ ಹೊಸದು ಹಾಕಿದರು, ಹಳೆಯದರಲ್ಲೇ ನಡೆಸಲಿಲ್ಲ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅಲ್ಲೇ ಆಯಿತು. ನಟ್ಟುಗಳನ್ನು ಮೆಷಿನ್‌ನಿಂದ ಪೂರ್ತಿ ಬಿಗಿಯದೆ ಕೊನೆಗೆ ಕೈಯಿಂದ ಬಿಗಿದರು. ರಸ್ತೆ ಪಕ್ಕ ಪಂಕ್ಚರ್ ಆದಾಗ ನಾವೇ ಬಿಚ್ಚಬೇಕಲ್ಲ, ಅದಕ್ಕೆ.

ದುಡ್ಡು: ಒಂದು ಟೈರಿಗೆ 4,900 ರೂಪಾಯಿ, ಸ್ಟೆಪ್ನಿ ಸೇರಿ ಐದಕ್ಕೆ 24,500. ಹಳೆಯ ಟೈರುಗಳಿಗೆ ಹೇಳಿಕೊಳ್ಳುವಂಥ ಬೆಲೆ ಸಿಗಲಿಲ್ಲ, ಆರು ವರ್ಷದ ಟೈರಿಗೆ ಕೇಳುವುದೂ ತಪ್ಪು. ಆಗ ಟೈರಿಗೆ ಜಿಎಸ್‌ಟಿ 28 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ. ಮೂಲ ದರ ಅದೇ ಇದ್ದರೆ ಇದೇ ಟೈರ್ ಈಗ 4,520ರ ಆಸುಪಾಸು ಸಿಗಬೇಕು. ಹೋಗುವಾಗ ಬಿಲ್ ನೋಡಿ ಚೌಕಾಸಿ ಮಾಡಿ. ನಾನು ಸೆಪ್ಟೆಂಬರ್‌ವರೆಗೆ ಕಾಯಬಹುದಿತ್ತು ಅಂತ ಒಬ್ಬರು ಹೇಳಿದರು. ಮಳೆಗಾಲವನ್ನು ಬೋಳು ಟೈರಿನಲ್ಲಿ ಕಳೆಯುವ ಧೈರ್ಯ ನನಗಿಲ್ಲ.

ಬೋಳು ಅಂದಾಗ ಒಂದು ಮಾತು. ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಚಿಕ್ಕ ದಿಬ್ಬಗಳಿರುತ್ತವೆ, ರಬ್ಬರ್ ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಕಾರಿಗೆ ಕಾನೂನಿನ ಮಿತಿಯೂ ಅದೇ. ನನ್ನ ಅನಿಸಿಕೆ, ಮಲೆನಾಡಿನಲ್ಲಿ 3 ಮಿ.ಮೀಗೇ ಬದಲಿಸಬೇಕು. ಗೆರೆ ಆಳ ಇಲ್ಲದಿದ್ದರೆ ನೀರು ಹೋಗಲು ದಾರಿಯೇ ಇರುವುದಿಲ್ಲ, ಆಗ ಯಾವ ಅಗಲವೂ ಕಾಪಾಡುವುದಿಲ್ಲ. ಎರಡೇ ಟೈರ್ ಬದಲಿಸುವವರು ಹೊಸದನ್ನು ಹಿಂದೆ ಹಾಕಿಸಿ. ಬಹಳ ಅಂಗಡಿಗಳಲ್ಲಿ ಮುಂದೆ ಹಾಕಿಬಿಡುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ವೇಗ ಇಳಿಸಿ ಸಂಭಾಳಿಸಬಹುದು, ಹಿಂದಿನದು ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ.

ನಿಮ್ಮ ಗಾಡಿ ಬೇರೆಯಾಗಿದ್ದರೂ ಲೆಕ್ಕ ಇದೇ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಅಗಲವನ್ನು ಎರಡನೇ ನಂಬರಿನಿಂದ ಗುಣಿಸಿ, ನೂರರಿಂದ ಭಾಗಿಸಿ, ಎರಡರಷ್ಟು ಮಾಡಿ, ಅದಕ್ಕೆ ಡಿಸ್ಕಿನ ಇಂಚನ್ನು 25.4ರಿಂದ ಗುಣಿಸಿ ಸೇರಿಸಿ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಒಂದೂವರೆ ಪರ್ಸೆಂಟ್ ಒಳಗಿದ್ದರೆ ನಾನು ಒಪ್ಪುತ್ತೇನೆ. ಮೂರರವರೆಗೆ ಪರವಾಗಿಲ್ಲ ಅನ್ನುವವರಿದ್ದಾರೆ, ನಮ್ಮ 175 ಮೂರರ ಹತ್ತಿರವೇ ಇತ್ತು, ಅದರ ಫಲ ನೋಡಿದ್ದೇವೆ. ಭಾರದ ನಂಬರ್ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಲೇಬಾರದು, ಇದರಲ್ಲಿ ರಾಜಿ ಬೇಡ. ಪಕ್ಕದ ಅಕ್ಷರ ವೇಗದ್ದು. ಟಿ ಅಂದರೆ 190ರವರೆಗೆ, ಎಚ್ ಅಂದರೆ 210. ನಮ್ಮ ರಸ್ತೆಯಲ್ಲಿ ಅದರ ಚಿಂತೆ ಬೇಕಿಲ್ಲ, ಕಂಪನಿಗಿಂತ ಕೆಳಗೆ ಇಳಿಯದಿದ್ದರೆ ಸಾಕು. ಕಂಪನಿ ಹೇಳದ ಸೈಜ್ ಹಾಕಿಸುವವರು ಇನ್ಶೂರೆನ್ಸ್‌ನವರನ್ನೂ ಮೊದಲೇ ಒಂದು ಮಾತು ಕೇಳಿಕೊಳ್ಳಿ.

ಒಬ್ಬರೇ ಜಾಸ್ತಿ ಹೆದ್ದಾರಿಯಲ್ಲಿ ಓಡಾಡುವವರು, ಬಯಲು ಸೀಮೆಯಲ್ಲಿರುವವರು, ಲೀಟರಿಗೆ ಅರ್ಧ ಕಿ.ಮೀ ಹೋದರೂ ಸರಿ ಅನ್ನುವವರು 14 ಇಂಚಿನ ಡಿಸೈರ್, ಸ್ವಿಫ್ಟ್‌ಗೆ 185/70 ಹಾಕಿಸಿ, ನನ್ನ ತಕರಾರಿಲ್ಲ. 175/70 ಮಾತ್ರ ಯಾರು ಹೇಳಿದರೂ ಬೇಡ.

ಮೊನ್ನೆ ರೊಟೇಷನ್ ಮಾಡಿಸಲು ಅದೇ ಅಂಗಡಿಗೆ ಹೋಗಿದ್ದೆ. ಯಜಮಾನರು ಗೇಜ್ ಇಟ್ಟು ಗೆರೆಯ ಆಳ ನೋಡಿದರು. ಹೊಸದರಲ್ಲಿ 7.8 ಮಿ.ಮೀ ಇದ್ದದ್ದು ಈಗ ಮುಂದಿನ ಎರಡರಲ್ಲಿ 6.6, ಹಿಂದೆ 7.2. ಎಡ ಬಲ ಸಮವಾಗಿ ಸವೆದಿದೆ, ಅಲೈನ್‌ಮೆಂಟ್ ಸರಿಯಾಗಿದೆ ಅಂತ ಅರ್ಥ. ಹಿಂದು ಮುಂದು ಮಾಡಿ, ಗಾಳಿ ಸ್ಟಿಕ್ಕರ್ ನೋಡಿ ಹೊಡೆದು, ನೂರೈವತ್ತು ರೂಪಾಯಿ ತೆಗೆದುಕೊಂಡರು. ಬರುವಾಗ ಅಪ್ಪ, ಅಮ್ಮ, ಹೆಂಡತಿ, ಮಗಳು ಎಲ್ಲ ಇದ್ದರು, ಡಿಕ್ಕಿಯಲ್ಲಿ ತಿಂಗಳ ಸಾಮಾನು. ಬಡಾವಣೆಯ ಎರಡನೇ ಹಂಪ್ ಹತ್ತಿ ಇಳಿದೆವು, ತಳ ತಾಗಲಿಲ್ಲ.